ಬಕ್ರೀದ್: ಮೂರನೆಯ ಪಾಲು

ಬಕ್ರೀದ್ ಹಬ್ಬವನ್ನು ಕುರಿತು ಮಾತನಾಡಬೇಕೆಂದು ಕೇಳಿದಾಗ ನನ್ನ ಕಣ್ಣಿಗೆ ಮೊದಲು ಕಟ್ಟಿದ್ದು ಅಜ್ಜಂಪುರದ ರೈಲ್ವೆ ನಿಲ್ದಾಣ. ನಾವು ಪಿಂಜಾರರು. ನನ್ನ ತಂದೆ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಅಲ್ಲಿ ಗಾಡಿ ಹತ್ತುತ್ತಿದ್ದರು. ಕೆಲವು ಸಲ ಬೀರೂರು ದಾಟಿ ಕಡೂರಿಗೆ, ಕೆಲವು ಸಲ ಬೀರೂರಿನಲ್ಲಿ ಶಿವಮೊಗ್ಗದ ಗಾಡಿಗೆ ಬದಲಾಯಿಸಿ ತರೀಕೆರೆಗೆ. ಹೋದ ಕಡೆ ವಾರ, ಹದಿನೈದು ದಿನ ನಿಂತು, ಹಾಸಿಗೆ ದಿಂಬುಗಳನ್ನು ಹೊಲಿದುಕೊಟ್ಟು, ಮೈ ತುಂಬ ಹತ್ತಿಯ ಎಳೆಗಳನ್ನು ಅಂಟಿಸಿಕೊಂಡು ಮರಳುತ್ತಿದ್ದರು. ಅಜ್ಜಂಪುರದ ಎರೆಭೂಮಿ, ಕಡೂರಿನ ತೆಂಗು ರಾಗಿಗಳ ಬಯಲು, ತರೀಕೆರೆಯ ಅಡಕೆ ತೋಟ, ಇವು ಮೂರೂ ಹತ್ತಿರ ಹತ್ತಿರವೇ ಇದ್ದರೂ ಒಂದಕ್ಕೊಂದು ಹೋಲುವುದಿಲ್ಲ. ಆ ಮೂರು ಸೀಮೆಯ ಮನೆಗಳ ಒಳಕೋಣೆಯವರೆಗೂ ಪ್ರವೇಶವಿದ್ದ ಮನುಷ್ಯ ನನ್ನ ತಂದೆ. ಮದುಮಗಳ ಹಾಸಿಗೆಯನ್ನು ಹೊಲಿಯುವವನನ್ನು ಹೊರಗೆ ನಿಲ್ಲಿಸಲು ಬರುವುದಿಲ್ಲವಷ್ಟೆ.

ನಮ್ಮ ಮನೆಮಾತು ಕನ್ನಡ. ಹಬ್ಬದ ಕಥೆಯನ್ನು ನಾನು ಕೇಳಿದ್ದೂ ಕನ್ನಡದಲ್ಲಿಯೇ, ನನ್ನ ಅವ್ವನ ಬಾಯಿಂದ. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಆಮೇಲೆ ನಾನು ಓದಿ ತಿಳಿದದ್ದು ಹೆಚ್ಚಾಗಿರಬಹುದು. ಆಕೆ ಹೇಳಿದ್ದರಲ್ಲಿ ತಿದ್ದಬೇಕಾದದ್ದು ಹೆಚ್ಚೇನೂ ಕಾಣಲಿಲ್ಲ.

ಪ್ರವಾದಿ ಇಬ್ರಾಹಿಮರಿಗೆ ಮುಪ್ಪಿನವರೆಗೆ ಮಕ್ಕಳಿರಲಿಲ್ಲ. ಬಹುಕಾಲದ ಪ್ರಾರ್ಥನೆಯ ನಂತರ ಹಾಜರಾ ಅವರಲ್ಲಿ ಇಸ್ಮಾಯಿಲ್ ಹುಟ್ಟಿದ. ದೇವರ ಆಜ್ಞೆಯಂತೆ ತಾಯಿ ಮಗುವನ್ನು ಒಂದು ಬರಡು ಕಣಿವೆಯಲ್ಲಿ ಬಿಟ್ಟು ಇಬ್ರಾಹಿಮರು ಹಿಂತಿರುಗಬೇಕಾಯಿತು. ತಂದಿದ್ದ ನೀರು ಮುಗಿಯಿತು. ಮಗು ಬಾಯಾರಿ ಅಳತೊಡಗಿತು. ಸಫಾ, ಮರ್ವಾ ಎಂಬ ಎರಡು ಗುಡ್ಡಗಳ ನಡುವೆ ತಾಯಿ ಏಳು ಸಲ ಓಡಿದಳು. ಎಲ್ಲಿಯಾದರೂ ಮನುಷ್ಯರ ಸುಳಿವಿದೆಯೇ ಎಂದು ನೋಡಿದಳು. ಕೊನೆಗೆ ಮಗುವಿನ ಬಳಿಯೇ ನೆಲದಿಂದ ನೀರು ಚಿಮ್ಮಿತು. ಅದೇ ಜಮ್‌ಜಮ್. ಇಂದಿಗೂ ಹಜ್ ಯಾತ್ರಿಕರು ಆ ಎರಡು ಗುಡ್ಡಗಳ ನಡುವೆ ಏಳು ಸಲ ನಡೆಯುತ್ತಾರೆ. ಬಾಯಾರಿದ ಕೂಸಿಗಾಗಿ ಓಡಿದ ಒಬ್ಬ ತಾಯಿಯ ಹೆಜ್ಜೆಯನ್ನು ಲಕ್ಷಾಂತರ ಜನ, ರಾಜರೂ ಸೇರಿ, ಅನುಸರಿಸುವುದು ನನಗೆ ಹಬ್ಬದ ಬಹು ದೊಡ್ಡ ಸಂಗತಿಯೆಂದು ತೋರುತ್ತದೆ. ಬರಗಾಲದಲ್ಲಿ ನೀರಿಗಾಗಿ ಬಿಂದಿಗೆ ಹಿಡಿದು ಅಲೆದ ನಮ್ಮ ಬಯಲುಸೀಮೆಯ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮಗ ತಂದೆಯೊಡನೆ ನಡೆದಾಡುವಷ್ಟು ದೊಡ್ಡವನಾದ ಮೇಲೆ ಇಬ್ರಾಹಿಮರಿಗೆ ಕನಸು ಬಿತ್ತು: ಮಗನನ್ನೇ ಬಲಿಗೊಡುತ್ತಿರುವ ಕನಸು. ಅವರು ಅದನ್ನು ಮಗನಿಂದ ಮುಚ್ಚಿಡಲಿಲ್ಲ. ಹೀಗೆ ಕಂಡೆ, ನೀನೇನು ಹೇಳುತ್ತೀಯೆ ಎಂದು ಅವನನ್ನೇ ಕೇಳಿದರು. ಮಗ ಒಪ್ಪಿದ. ದಾರಿಯಲ್ಲಿ ಸೈತಾನ ಮೂರು ಸಲ ಅಡ್ಡ ನಿಂತು ಮನಸ್ಸು ಕೆಡಿಸಲು ನೋಡಿದನೆಂದೂ, ಅವನಿಗೆ ಕಲ್ಲೆಸೆದು ಓಡಿಸಿದರೆಂದೂ ಪರಂಪರೆಯ ಕಥೆ. ಮಕ್ಕಾದ ಬಳಿಯ ಮಿನಾದಲ್ಲಿ ಯಾತ್ರಿಕರು ಮೂರು ಸ್ತಂಭಗಳಿಗೆ ಕಲ್ಲೆಸೆಯುವುದು ಅದರ ನೆನಪಿಗಾಗಿಯೇ. ಕೊನೆಗೆ, ಮಗನನ್ನು ಮಲಗಿಸಿದ ಘಳಿಗೆಯಲ್ಲಿ, ಕನಸನ್ನು ನಿಜಮಾಡಿದೆ ಸಾಕು ಎಂದು ದೇವರ ಕರೆ ಬಂತು. ಮಗನ ಬದಲಿಗೆ ಟಗರು ಬಂತು.

ಕುರಾನಿನ 37ನೆಯ ಅಧ್ಯಾಯದಲ್ಲಿ ಈ ಪ್ರಸಂಗ ಬರುತ್ತದೆ. ಅಲ್ಲಿ ಆ ಮಗನ ಹೆಸರನ್ನು ಹೇಳಿಲ್ಲವೆಂಬುದು ಗಮನಿಸತಕ್ಕದ್ದು. ಯೆಹೂದ್ಯರ ಮತ್ತು ಕ್ರೈಸ್ತರ ಗ್ರಂಥದ ಪ್ರಕಾರ ಅವನು ಇಸಾಕ. ಮುಸಲ್ಮಾನರ ಪ್ರಾಚೀನ ವ್ಯಾಖ್ಯಾನಕಾರರಲ್ಲಿಯೂ ಎರಡು ಪಕ್ಷಗಳಿದ್ದವು. ಕಾಲಕ್ರಮದಲ್ಲಿ ಇಸ್ಮಾಯಿಲ್ ಎಂಬುದೇ ನಿಂತಿತು. ಹೆಸರು ಯಾವುದಾದರೂ ಆಗಲಿ, ಮೂರು ಧರ್ಮಗಳೂ ಕಾಪಾಡಿಕೊಂಡು ಬಂದಿರುವುದು ಮಗು ಉಳಿದ ಕಥೆಯನ್ನು. ನರಬಲಿ ಅಪರೂಪವಲ್ಲದ ಪ್ರಾಚೀನ ಜಗತ್ತಿನಲ್ಲಿ, ಎತ್ತಿದ ಕೈಯನ್ನು ದೇವರೇ ತಡೆದನೆಂಬ ಕಥೆ ಹುಟ್ಟಿಕೊಂಡಿತು. ಹಬ್ಬವನ್ನು ಹೊರಗಿನಿಂದ ನೋಡುವವರು ಕತ್ತಿಯನ್ನು ಕಾಣುತ್ತಾರೆ. ಕಥೆಯ ತಿರುಳು ಕತ್ತಿ ನಿಂತದ್ದರಲ್ಲಿದೆ. ‘ಕುರ್ಬಾನಿ’ ಎಂಬ ಮಾತಿನ ಧಾತುವಿಗಾದರೂ ‘ಸಮೀಪವಾಗು’ ಎಂದರ್ಥ. ಹೀಬ್ರೂ ಭಾಷೆಯಲ್ಲಿಯೂ ಅದೇ ಮೂಲದ ಮಾತುಂಟು. ಮಾಂಸವಾಗಲಿ ರಕ್ತವಾಗಲಿ ದೇವರಿಗೆ ತಲಪುವುದಿಲ್ಲ, ತಲಪುವುದು ಮನುಷ್ಯನ ಭಯಭಕ್ತಿ ಮಾತ್ರವೆಂಬ ಅಭಿಪ್ರಾಯವನ್ನು ಕುರಾನಿನ 22ನೆಯ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ.

ಹಬ್ಬದ ಹೆಸರಿನ ವಿಷಯದಲ್ಲಿ ಒಂದು ಮಾತು. ಅರಬ್ಬರು ಇದನ್ನು ‘ಈದುಲ್ ಅಜ್‌ಹಾ’ ಎನ್ನುತ್ತಾರೆ. ತುರ್ಕರು ‘ಕುರ್ಬಾನ್ ಬೈರಾಮ್’ ಎನ್ನುತ್ತಾರೆ. ‘ಬಕ್ರೀದ್’ ಎಂಬುದು ನಮ್ಮ ದೇಶದ ಕಡೆಯ ಮಾತು. ಅರಬ್ಬಿಯಲ್ಲಿ ‘ಬಕರ್’ ಎಂದರೆ ದನ, ಉರ್ದುವಿನಲ್ಲಿ ‘ಬಕ್ರಾ’ ಎಂದರೆ ಹೋತ. ಯಾವುದರಿಂದ ಬಂತೆಂಬ ಜಗಳವನ್ನು ವಿದ್ವಾಂಸರಿಗೆ ಬಿಡೋಣ. ಅಮೃತಮಹಲ್ ರಾಸುಗಳಿಗೆ ಹೆಸರಾದ ಅಜ್ಜಂಪುರದಲ್ಲಿ ನಾನು ಕಂಡ ಬಕ್ರೀದ್ ಮಾತ್ರ ಕುರಿಯ ಹಬ್ಬ.

ಹಿಜರಿ ವರ್ಷದ ಹನ್ನೆರಡನೆಯ ತಿಂಗಳಾದ ಜಿಲ್‌ಹಜ್ಜಿನ ಹತ್ತನೆಯ ದಿನ ಹಬ್ಬ. ಚಾಂದ್ರಮಾನದ ಹತ್ತನೆಯ ದಿನವೆಂದರೆ ನಮ್ಮ ಪಂಚಾಂಗದಲ್ಲಿ ಶುಕ್ಲಪಕ್ಷದ ದಶಮಿಯ ಆಸುಪಾಸು. ಇಬ್ಬರ ಚಂದ್ರನೂ ಒಬ್ಬನೇ, ಲೆಕ್ಕ ಬೇರೆ. ನಮ್ಮ ಪಂಚಾಂಗಕಾರರು ಅಧಿಕಮಾಸವನ್ನು ಸೇರಿಸಿ ಯುಗಾದಿಯನ್ನು ವಸಂತದಲ್ಲಿ ಕಟ್ಟಿಹಾಕುತ್ತಾರೆ. ಹಿಜರಿ ವರ್ಷಕ್ಕೆ ಆ ಹಗ್ಗವಿಲ್ಲ. ಅದು 354 ದಿನಗಳದ್ದಾದ ಕಾರಣ ಹಬ್ಬ ಪ್ರತಿವರ್ಷವೂ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತ, 33 ವರ್ಷಗಳಿಗೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಸುಗ್ಗಿಯಲ್ಲಿ ಬಂದರೆ ಕೂಳೆ ಮೇದ ಕುರಿ ಮೈತುಂಬಿಕೊಂಡಿರುತ್ತದೆ. ಜನರ ಕೈಯಲ್ಲಿಯೂ ನಾಲ್ಕು ಕಾಸು ಇರುತ್ತದೆ. ಬಿರುಬೇಸಗೆಯಲ್ಲಿ ಬಂದರೆ ಎರಡೂ ಇಲ್ಲ.

1966ರಲ್ಲಿ ಬಕ್ರೀದ್ ಬಂದದ್ದು ಏಪ್ರಿಲ್ ತಿಂಗಳ ಮೊದಲಲ್ಲಿ. ಯುಗಾದಿಯಾಗಿ ಹತ್ತು ದಿನ, ರಾಮನವಮಿಯ ಪಾನಕ ಕುಡಿದು ಎರಡು ಮೂರು ದಿನ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ದೇಶಕ್ಕೆ ದೇಶವೇ ಬರದಲ್ಲಿದ್ದ ಕಾಲ ಅದು. ಉಣ್ಣಲು ಕಾಳಿಲ್ಲದಾಗ ಹೊಸ ಹಾಸಿಗೆಯನ್ನು ಯಾರು ಹೊಲಿಸುತ್ತಾರೆ? ತಂದೆಯ ಬಿಲ್ಲು ತಿಂಗಳುಗಟ್ಟಲೆ ಗೋಡೆಯ ಗೂಟಕ್ಕೆ ನೇತುಬಿದ್ದಿತ್ತು. ನನಗೆ ಆಗ ಹತ್ತು ವರ್ಷ. ಓಣಿಯ ನಾಲ್ಕಾರು ಮನೆಗಳ ಮುಂದೆ ಕುರಿ ಕಟ್ಟಿದ್ದರು. ನಮ್ಮ ಮುಂಬಾಗಿಲಲ್ಲಿ ಬರಿಯ ಗೂಟ.

ಕುರ್ಬಾನಿ ಎಲ್ಲರಿಗೂ ಕಡ್ಡಾಯವಲ್ಲ. ನಮ್ಮ ಕಡೆ ಅನುಸರಿಸುವ ಹನಫಿ ಪಂಥದ ಪ್ರಕಾರ, ಮನೆಯ ಅಗತ್ಯಗಳು ಕಳೆದು 52.5 ತೊಲ ಬೆಳ್ಳಿಯ ಬೆಲೆಯಷ್ಟು, ಅಂದರೆ ಸುಮಾರು 612 ಗ್ರಾಂ ಬೆಳ್ಳಿಯ ಬೆಲೆಯಷ್ಟು ಆಸ್ತಿ ಉಳಿಯುವವನಿಗೆ ಮಾತ್ರ ಆ ಹೊಣೆ. ನಮ್ಮ ಮನೆಯಲ್ಲಿ ಬೆಳ್ಳಿಯೆಂದರೆ ಅವ್ವನ ಕಾಲುಂಗುರ. ಶಾಸ್ತ್ರದ ಈ ವಿನಾಯಿತಿ ಹತ್ತು ವರ್ಷದ ಹುಡುಗನಿಗೆ ಸಮಾಧಾನ ತಂದೀತೆ? ನಾನು ಅತ್ತೆ. ಅವ್ವ ಆಗ ಹೇಳಿದ ಸಂಗತಿಯನ್ನು ಮುಂದೆ ಹದೀಸ್ ಗ್ರಂಥಗಳಲ್ಲಿಯೂ ಓದಿದೆ. ಪ್ರವಾದಿ ಮುಹಮ್ಮದರು ಮದೀನಾದಲ್ಲಿ ಈ ಹಬ್ಬದಂದು ಎರಡು ಕೊಂಬಿನ ಟಗರುಗಳನ್ನು ಕೊಡುತ್ತಿದ್ದರು. ಒಂದು ತಮ್ಮ ಮತ್ತು ತಮ್ಮ ಮನೆಯವರ ಪರವಾಗಿ. ಇನ್ನೊಂದು ತಮ್ಮ ಸಮುದಾಯದಲ್ಲಿ ಕೊಡಲು ಶಕ್ತಿಯಿಲ್ಲದವರ ಪರವಾಗಿ. “ನಮ್ಮ ಕುರಿ ಆವಾಗಲೇ ಕೊಟ್ಟಾಗ್ಯದೆ, ಸುಮ್ಮನಿರು” ಎಂದಳು ಅವ್ವ.

ಹಬ್ಬದ ದಿನ ಬೆಳಗ್ಗೆ ತಂದೆಯ ಕೈ ಹಿಡಿದು ಈದ್ಗಾಕ್ಕೆ ಹೋದೆ. ರಂಜಾನ್ ಹಬ್ಬದಲ್ಲಿ ಸಿಹಿ ತಿಂದು ನಮಾಜಿಗೆ ಹೊರಡುತ್ತಾರೆ. ಬಕ್ರೀದಿನಲ್ಲಿ ನಮಾಜು ಮುಗಿಯುವವರೆಗೆ ಏನನ್ನೂ ತಿನ್ನದಿರುವುದು ರೂಢಿ. ದಾರಿಯುದ್ದಕ್ಕೂ ಗಟ್ಟಿಯಾಗಿ ತಕ್ಬೀರ್ ಹೇಳಿಕೊಂಡು ಹೋಗುವುದು, ಹೋದ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಬರುವುದು. ಬೇರೆ ದಾರಿ ಏಕೆಂದು ಕೇಳಿದರೆ ಹಿರಿಯರು ಹೆಚ್ಚು ಜನರನ್ನು ಕಂಡು ಹಬ್ಬದ ಸಲಾಮು ಹೇಳಬಹುದೆನ್ನುತ್ತಿದ್ದರು. ಎರಡು ರಕಾಅತ್ ನಮಾಜು, ಆಮೇಲೆ ಖುತ್ಬಾ ಪ್ರವಚನ, ಆಮೇಲೆ ಅಪ್ಪುಗೆ. ಅದಾದ ಮೇಲೆಯೇ ಕುರ್ಬಾನಿ. ನಮಾಜಿಗೆ ಮೊದಲು ಕೊಯ್ದದ್ದು ಬರಿಯ ಮಾಂಸ, ಕುರ್ಬಾನಿಯಲ್ಲ. ಮೂರು ದಿನದವರೆಗೆ ಅವಕಾಶವುಂಟು.

ಕುರಿಯ ವಿಷಯದಲ್ಲಿ ನಿಯಮಗಳು ಹಲವು. ಕುಂಟು, ಕುರುಡು, ಕಿವಿ ಹರಿದದ್ದು, ಎಲುಬು ಬಿಟ್ಟದ್ದು ಸಲ್ಲದು. ಬೇಡವಾದದ್ದನ್ನು ದೇವರ ಹೆಸರಿನಲ್ಲಿ ಸಾಗಹಾಕುವಂತಿಲ್ಲ. ವರ್ಷ ತುಂಬಿರಬೇಕು, ಆರು ತಿಂಗಳ ಕುರಿಮರಿ ವರ್ಷದ್ದರಂತೆ ಮೈತುಂಬಿದ್ದರೆ ಒಪ್ಪಿಗೆ. ಅದರ ಎದುರಿನಲ್ಲಿ ಕತ್ತಿ ಮಸೆಯಬಾರದು, ಒಂದರ ಮುಂದೆ ಇನ್ನೊಂದನ್ನು ಕೊಯ್ಯಬಾರದು, ನೀರು ಕುಡಿಸದೆ ಕರೆತರಬಾರದು. ಕುರ್ಬಾನಿ ಕೊಡುವವರು ತಿಂಗಳ ಮೊದಲ ದಿನದಿಂದ ಅದು ಮುಗಿಯುವವರೆಗೆ ಕೂದಲು ಉಗುರು ತೆಗೆಯದಿರುವುದೂ ಉಂಟು. ಚರ್ಮವನ್ನಾಗಲಿ ಮಾಂಸವನ್ನಾಗಲಿ ಕೊಯ್ದವನಿಗೆ ಕೂಲಿಯೆಂದು ಕೊಡಕೂಡದು, ಕೂಲಿ ಬೇರೆ.

ಮಾಂಸಕ್ಕೆ ಮೂರು ಪಾಲು. ಒಂದು ಮನೆಗೆ, ಒಂದು ನೆಂಟರಿಷ್ಟರಿಗೆ, ಒಂದು ಬಡವರಿಗೆ. ಆ ವರ್ಷ ನಮ್ಮ ಮನೆಗೆ ಬಂದದ್ದು ಮೂರನೆಯ ಪಾಲು. ಮುತ್ತುಗದ ಎಲೆಯಲ್ಲಿ ಸುತ್ತಿದ ಪೊಟ್ಟಣವನ್ನು ತಂದುಕೊಟ್ಟ ಹುಡುಗ ಶಾಲೆಯಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದವನು. ನನಗೆ ಮುಖವೆತ್ತಿ ನೋಡಲಾಗಲಿಲ್ಲ. ಅವ್ವ ಮಾತ್ರ ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅವನನ್ನು ಒಳಗೆ ಕರೆದು, ಕೈಗೆ ಬೆಲ್ಲದ ಚೂರು ಕೊಟ್ಟು ಕಳಿಸಿದಳು. ಬಂದ ಕೈಯನ್ನು ಬರಿದಾಗಿ ಕಳಿಸಲಿಲ್ಲ. ಸಂಜೆ ರಾಗಿಮುದ್ದೆಗೆ ಸಾರು. ಬಿರಿಯಾನಿಯನ್ನು ಕಂಡವರು ಆಗ ನಮ್ಮ ಓಣಿಯಲ್ಲಿ ಕಡಮೆ.

ಪಡೆಯುವುದು ಕೊಡುವುದಕ್ಕಿಂತ ಕಷ್ಟವೆಂದು ಆ ದಿನ ನನಗೆ ತೋರಿತು. ಮರುವರ್ಷ ಆ ಅಭಿಪ್ರಾಯವೂ ಉಳಿಯಲಿಲ್ಲ.

ಅದೇ ಬೇಸಗೆಯಲ್ಲಿ ಕಡೂರಿನ ಕಡೆಯ ಒಬ್ಬ ಕುರಿಗಾಹಿ ತನ್ನ ಮಗಳ ಮದುವೆಗೆ ತಂದೆಯಿಂದ ಒಂದು ಹಾಸಿಗೆ ಹೊಲಿಸಿದ. ಬೀರೇದೇವರ ಒಕ್ಕಲು, ಹೆಗಲ ಮೇಲೆ ಯಾವಾಗಲೂ ಕಂಬಳಿ. ಕೆಲಸ ಮುಗಿದಾಗ ಅವನ ಹತ್ತಿರ ಹಣವಿರಲಿಲ್ಲ. “ಹೆಣ್ಣ್ಮಗಳ ಹಾಸಿಗೇನ ಸಾಲದಾಗೆ ಕಳಿಸಬಾರದು ಸಾಬಣ್ಣ, ಈ ಮರಿ ಹಿಡ್ಕ” ಎಂದು ಎರಡು ತಿಂಗಳ ಗಂಡುಮರಿಯನ್ನು ಕೊಟ್ಟ. ಹಿಂಡಿನಲ್ಲಿ ಅದಕ್ಕಿಂತ ಚೆಲುವಾದ ಇನ್ನೊಂದು ಮರಿ ತಂದೆಯ ಕಣ್ಣಿಗೆ ಬಿತ್ತು. ಅದು ದೇವರಿಗೆ ಬಿಟ್ಟದ್ದು, ಕೊಡಲಾಗದು ಎಂದ ಕುರಿಗಾಹಿ. ತಂದೆ ಮರುಮಾತಾಡಲಿಲ್ಲ. ಮುಡಿಪು ಕಟ್ಟಿದ ಟಗರೆಂದರೇನೆಂದು ಅವರಿಬ್ಬರಿಗೂ ಗೊತ್ತಿತ್ತು.

ಮರಿಯನ್ನು ಮನೆಗೆ ತಂದ ದಿನವೇ ಅದು ಬರುವ ಬಕ್ರೀದಿಗೆಂದು ತಂದೆ ಹೇಳಿಬಿಟ್ಟರು. ಹೇಳಿದ್ದು ನನ್ನ ಕಿವಿಗೆ ಬಿದ್ದಿತು, ಮನಸ್ಸಿಗೆ ಹೋಗಲಿಲ್ಲ. ಆಲದ ಸೊಪ್ಪು ತಂದು ಹಾಕಿದೆ. ಜಾಲಿಯ ಕಾಯಿ ಆಯ್ದು ತಂದೆ. ಶಾಲೆ ಬಿಟ್ಟೊಡನೆ ಓಡಿಬಂದು ಅದರ ಮೈ ನೇವರಿಸಿದೆ. ನನ್ನ ದನಿ ಕೇಳಿದರೆ ಅದು ಹಗ್ಗವನ್ನು ಜಗ್ಗುತ್ತಿತ್ತು. 1967ರ ಮಾರ್ಚಿಯಲ್ಲಿ ಹಬ್ಬ ಬರುವ ಹೊತ್ತಿಗೆ ಅದು ನನ್ನ ಎದೆಯನ್ನು ಗುದ್ದಿ ಬೀಳಿಸುವಷ್ಟು ಬೆಳೆದಿತ್ತು.

ಹಬ್ಬದ ಹಿಂದಿನ ದಿನ ನಾನು ಊಟ ಬಿಟ್ಟೆ. ತಂದೆ ಹೊಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ರಾತ್ರಿ ನನ್ನ ಪಕ್ಕದಲ್ಲಿ ಬಂದು ಕುಳಿತು ಅವರು ಹೇಳಿದ ಮಾತು ಇಷ್ಟೇ: ನಿನಗೆ ಅಳು ಬಾರದಿದ್ದರೆ ಅದು ಕುರ್ಬಾನಿಯೇ ಆಗುತ್ತಿರಲಿಲ್ಲ. ಆಗ ಅದು ಕ್ರೂರವಾದ ಮಾತೆನಿಸಿತು. ಇಂದಿಗೂ ಅದು ಪೂರ್ತಿ ಹಿತವಾದ ಮಾತೆಂದು ನಾನು ಹೇಳಲಾರೆ. ಹಬ್ಬದ ಹಿಂದಿನ ಸಂಜೆ ಹಣ ಎಣಿಸಿ ಕುರಿ ತಂದು, ಬೆಳಗ್ಗೆ ಕಟುಕರವನಿಗೆ ಒಪ್ಪಿಸಿ, ಮಧ್ಯಾಹ್ನ ಊಟಕ್ಕೆ ಕೂರುವಾಗ ಆ ಮಾತು ನೆನಪಾಗುತ್ತದೆ. ಇಬ್ರಾಹಿಮರು ಕೊಡಹೊರಟದ್ದು ಪ್ರೀತಿಯನ್ನು. ನಾವು ಕೊಡುತ್ತಿರುವುದು ಎಷ್ಟೋ ಸಲ ಬೆಲೆಯನ್ನು. ಆದರೆ ಎಲ್ಲರೂ ಕುರಿ ಸಾಕಿಯೇ ಹಬ್ಬ ಮಾಡಬೇಕೆಂದರೆ ಪಟ್ಟಣದ ಬಾಡಿಗೆ ಮನೆಯವರು ಏನು ಮಾಡಬೇಕು? ಶಾಸ್ತ್ರ ಅದನ್ನು ಕೇಳುವುದೂ ಇಲ್ಲ.

ಆ ಮಧ್ಯಾಹ್ನ ತಂದೆ ಮೊದಲು ಕಟ್ಟಿದ್ದು ಮೂರನೆಯ ಪಾಲಿನ ಪೊಟ್ಟಣಗಳನ್ನು. ಕಲೇಜಿಯನ್ನು ಹುರಿಯುವ ವಾಸನೆ ಏಳುವ ಮೊದಲೇ ಅವು ಮನೆಯಿಂದ ಹೊರಟಿರಬೇಕೆಂದು ಅವರ ಹಟ. ಹಂಚಲು ಹೋದವನು ನಾನು. ಎರಡನೆಯ ಪಾಲಿನಲ್ಲಿ ಒಂದಿಷ್ಟು ಕಡೂರಿನ ಕುರಿಗಾಹಿಗೂ ಹೋಯಿತು. ತಾನು ಸಾಕಿದ ಮರಿಯನ್ನು ತಿನ್ನಲು ಮನಸ್ಸಾಗದೆಂದು ಅವನು ಅದನ್ನು ಅಳಿಯನ ಮನೆಗೆ ಕಳಿಸಿದನೆಂದು ಆಮೇಲೆ ತಿಳಿಯಿತು.

ಈ ಹಬ್ಬ ಹಜ್ ಯಾತ್ರೆಯ ಒಂದು ಭಾಗವೆಂಬುದನ್ನು ಮರೆಯಬಾರದು. ಜಿಲ್‌ಹಜ್ಜಿನ 9ರಂದು ಯಾತ್ರಿಕರು ಅರಫಾತ್ ಬಯಲಿನಲ್ಲಿ ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆಯಲ್ಲಿ ನಿಲ್ಲುತ್ತಾರೆ. ಮರುದಿನ ಮಿನಾದಲ್ಲಿ ಅವರು ಕೊಡುವ ಬಲಿಯೂ ನಮ್ಮ ಓಣಿಯ ಕುರ್ಬಾನಿಯೂ ಒಂದೇ ಹಬ್ಬದ ಎರಡು ತುದಿ. ನಮ್ಮ ಬಾಲ್ಯದಲ್ಲಿ ಹಜ್ಜಿಗೆ ಹೋಗುವವರನ್ನು ಊರಿಗೆ ಊರೇ ರೈಲ್ವೆ ನಿಲ್ದಾಣದವರೆಗೆ ಬೀಳ್ಕೊಡುತ್ತಿತ್ತು. ಮೀಟರ್ ಗೇಜ್ ಗಾಡಿಯಲ್ಲಿ ಹುಬ್ಬಳ್ಳಿಯ ಮೇಲೆ ಹೋಗಿ, ಬೊಂಬಾಯಿ ಸೇರಿ, ಅಲ್ಲಿಂದ ಹಡಗಿನಲ್ಲಿ ಜೆಡ್ಡಾಕ್ಕೆ. ಆ ಹಡಗಿನ ಯಾನ 1995ರಲ್ಲಿ ನಿಂತಿತು. ಹೊರಡುವ ಮುನ್ನ ಹಾಜಿಗಳು ಮನೆಮನೆಗೂ ಹೋಗಿ, ಹಿಂದೂ ಮುಸಲ್ಮಾನರೆನ್ನದೆ, ತಪ್ಪಿದ್ದರೆ ಮನ್ನಿಸಿ ಎಂದು ಕೈಮುಗಿಯುತ್ತಿದ್ದರು. ಸಾಲ ತೀರಿಸಿಯೇ ಹೋಗುತ್ತಿದ್ದರು. ಹಜ್ಜಿಗೂ ನಮ್ಮ ಜಿಲ್ಲೆಗೂ ಇನ್ನೊಂದು ಹಳೆಯ ನಂಟಿದೆ. ತರೀಕೆರೆಯಿಂದ ಕಾಣುವ ಗಿರಿಶ್ರೇಣಿಗೆ ಹೆಸರು ಕೊಟ್ಟ ಬಾಬಾ ಬುಡನ್ ಅವರು ಹದಿನೇಳನೆಯ ಶತಮಾನದಲ್ಲಿ ಹಜ್ ಮುಗಿಸಿ ಬರುವಾಗ ಯೆಮನ್ ದೇಶದ ಮೋಖಾದಿಂದ ಏಳು ಕಾಫಿ ಬೀಜಗಳನ್ನು ತಂದರೆಂದು ಪ್ರತೀತಿ. ಪ್ರತಿದಿನ ಬೆಳಗ್ಗೆ ಲೋಟ ಹಿಡಿದು ಕೂರುವ ನಮ್ಮಲ್ಲಿ ಎಷ್ಟು ಜನಕ್ಕೆ ಅದು ಹಜ್ಜಿನ ಪ್ರಸಾದವೆಂದು ಹೊಳೆದೀತು!

ಕಾಲ ಬದಲಾಗಿದೆ. ಆಗ ತರೀಕೆರೆ ತಾಲ್ಲೂಕಿನ ಹೋಬಳಿಯಾಗಿದ್ದ ಅಜ್ಜಂಪುರ ಈಗ ತಾನೇ ತಾಲ್ಲೂಕಾಗಿದೆ. 2020ರ ಆಗಸ್ಟ್ 1ರಂದು, ಸೋಂಕಿನ ದಿನಗಳಲ್ಲಿ, ಬಕ್ರೀದಿನ ಸಾಮೂಹಿಕ ನಮಾಜಿಗೆ ನಮ್ಮ ರಾಜ್ಯದ ಈದ್ಗಾ ಮೈದಾನಗಳಲ್ಲಿ ಅವಕಾಶವಿರಲಿಲ್ಲ. ಲಕ್ಷಾಂತರ ಜನ ಸೇರುತ್ತಿದ್ದ ಹಜ್ಜಿಗೂ ಆ ವರ್ಷ ಸುಮಾರು ಸಾವಿರ ಜನರಿಗಷ್ಟೇ ಅನುಮತಿ ದೊರೆಯಿತು. ರಾಸುಗಳ ವಧೆಯನ್ನು ಕುರಿತ 1964ರ ಕಾಯಿದೆಯ ಸ್ಥಾನದಲ್ಲಿ 2020ರ ಕಾಯಿದೆ ಬಂದು, 2021ರ ಆರಂಭದಿಂದ ಹೆಚ್ಚು ಬಿಗಿಯಾಗಿ ಜಾರಿಯಾಯಿತು. 13 ವರ್ಷ ಮೀರಿದ ಎಮ್ಮೆ ಕೋಣಗಳಿಗೆ ಮಾತ್ರ, ಅದೂ ಪರೀಕ್ಷೆಯ ನಂತರ, ಅದರಲ್ಲಿ ವಿನಾಯಿತಿಯಿದೆ. ದೊಡ್ಡ ಪ್ರಾಣಿಯೊಂದರಲ್ಲಿ ಏಳು ಮನೆಯವರು ಸೇರಬಹುದೆಂಬ ಶಾಸ್ತ್ರದ ಅನುಕೂಲ ಕೈಯಲ್ಲಿ ಹಣ ಕಡಮೆಯಿದ್ದವರಿಗೆ ಒದಗಿಬರುತ್ತಿತ್ತು. ಕುರಿಯಲ್ಲಿ ಆ ಪಾಲುದಾರಿಕೆ ಇಲ್ಲ, ಒಬ್ಬನೇ ಕೊಡಬೇಕು. ಹಬ್ಬ ಹತ್ತಿರವಾದಂತೆ ಸಂತೆಯಲ್ಲಿ ಟಗರಿನ ಬೆಲೆ ಏರುತ್ತದೆ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವವರು ಕುರಿಯ ಬಾಯಿ ಬಿಡಿಸಿ ಹಲ್ಲು ತೋರಿಸಿ ‘ಎರಡಲ್ಲು’ ಎಂದು ಸಾರುತ್ತಾರೆ. ವರ್ಷ ತುಂಬಿತೋ ಇಲ್ಲವೋ ಎಂಬ ಮೌಲವಿಗಳ ಪ್ರಶ್ನೆಗೆ ಕುರಿಗಾಹಿಯ ಹಲ್ಲಿನ ಲೆಕ್ಕವೇ ಉತ್ತರ. ವರ್ಷವಿಡೀ ಮಳೆಬಿಸಿಲಿನಲ್ಲಿ ಹಿಂಡಿನ ಹಿಂದೆ ಅಲೆದವನ ಕೈಗೆ ಒಟ್ಟಾಗಿ ಹಣ ಬರುವ ಕಾಲ ಅದು. ಕಡೂರು ಬೀರೂರುಗಳ ಕಡೆ ಬಕ್ರೀದ್ ಎಂದೋ ಎಂದು ಮುಸಲ್ಮಾನರಿಗಿಂತ ಮೊದಲು ಲೆಕ್ಕ ಹಾಕಿಟ್ಟುಕೊಂಡ ಕುರುಬರನ್ನು ನಾನು ಬಲ್ಲೆ.

ಚರ್ಮದ ಕಥೆ ಬೇರೆಯದೇ ಆಗಿದೆ. ಹಿಂದೆ ಹಬ್ಬದ ಸಂಜೆ ಮದರಸಾದ ಹುಡುಗರು ಗಾಡಿ ತಳ್ಳಿಕೊಂಡು ಮನೆಮನೆಯಿಂದ ಚರ್ಮ ಕೂಡಿಸುತ್ತಿದ್ದರು. ಅದನ್ನು ಮಾರಿದ ಹಣದಲ್ಲಿ ಅನಾಥ ಮಕ್ಕಳ ಊಟ, ಪುಸ್ತಕ ನಡೆಯುತ್ತಿದ್ದವು. ಇತ್ತೀಚಿನ ವರ್ಷಗಳಲ್ಲಿ ಕುರಿಚರ್ಮದ ಬೆಲೆ ಎಷ್ಟು ಕುಸಿದಿದೆಯೆಂದರೆ, ಉಪ್ಪು ಹಾಕಿ ಸಾಗಿಸುವ ಖರ್ಚೂ ಹುಟ್ಟದೆ ಹೂಳಿದ್ದನ್ನು ಕಂಡಿದ್ದೇನೆ.

ಅದಕ್ಕಿಂತ ನನಗೆ ವ್ಯಥೆಯಾಗುವುದು ಅಡುಗೆಮನೆಯ ಮೂಲೆಯಲ್ಲಿ ನಿಂತಿರುವ ತಣ್ಣನೆಯ ಪೆಟ್ಟಿಗೆಯನ್ನು ಕಂಡಾಗ. ಮಾಂಸ ಕೆಡುತ್ತದೆಂಬ ಭಯವೊಂದಿತ್ತು. ಅದು ಬಡವರ ಪರವಾಗಿ ವಾದಿಸುತ್ತಿತ್ತು. ಸಂಜೆಯೊಳಗೆ ಹಂಚದೆ ಗತಿಯಿರಲಿಲ್ಲ. ಈಗ ಫ್ರಿಜ್ಜಿನಲ್ಲಿ ತಿಂಗಳೂ ಇಡಬಹುದು. ಮೂರು ಪಾಲೆಂಬುದು ಕಡ್ಡಾಯದ ತೂಕವಲ್ಲ, ಒಳ್ಳೆಯ ರೂಢಿ ಎಂದು ಶಾಸ್ತ್ರ ಬಲ್ಲವರು ಹೇಳುತ್ತಾರೆ. ಆ ಸಡಿಲದಲ್ಲಿ ಮೊದಲು ಕರಗುವುದು ಮೂರನೆಯದೇ. ಮೂಳೆ, ಕೊಬ್ಬು, ಕತ್ತಿನ ತುಂಡುಗಳು ಬಾಗಿಲಿಗೆ ಬಂದವರ ಪಾತ್ರೆಗೆ ಬೀಳುತ್ತವೆ. ತೊಡೆ ಒಳಗೆ ಹೋಗುತ್ತದೆ. ಇದನ್ನು ನನ್ನವರಿಗೇ ಹೇಳುತ್ತಿದ್ದೇನೆ, ಕೇಳುಗರು ಮನ್ನಿಸಬೇಕು. ಆದರೆ ದೂರದ ಬಡ ಊರುಗಳಿಗೆ ಹಣ ಕಳಿಸಿ ಅಲ್ಲಿ ಕುರ್ಬಾನಿ ಮಾಡಿಸುವವರೂ ಈಗ ಹೆಚ್ಚಾಗಿದ್ದಾರೆ. ಮಾಂಸ ಕಾಣದ ಮನೆಗೆ ಅದು ತಲಪುತ್ತದೆನ್ನುವುದು ನಿಜ. ನಮ್ಮದೇ ಓಣಿಯ ಕೊನೆಯ ಮನೆಯನ್ನು ಮರೆಯದಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ.

ತಂದೆಯ ಬಿಲ್ಲು ಈಗಲೂ ನಮ್ಮ ಮನೆಯ ಗೋಡೆಯ ಮೇಲಿದೆ. ಹಿಂಜುವ ಕೆಲಸ ಯಂತ್ರದ ಪಾಲಾಗಿ ಬಹಳ ವರ್ಷಗಳಾದವು. ಹಬ್ಬದಂದು ಮೊದಲು ಮೂರನೆಯ ಪಾಲನ್ನು ತೂಗಿ ಕಟ್ಟುವುದು ಮಾತ್ರ ಬಿಟ್ಟಿಲ್ಲ. ನಮ್ಮ ಮನೆಯ ಮಕ್ಕಳು ಅದನ್ನು ಹಂಚಲು ಹೋಗುತ್ತಾರೆ. ಹೋಗುವ ಮುನ್ನ ಅವರಿಗೆ ಒಂದೇ ಸೂಚನೆ: ಬಾಗಿಲಲ್ಲಿ ನಿಂತು ಕೊಟ್ಟು ಓಡಿಬರಬೇಡಿ, ಒಳಗೆ ಕರೆದರೆ ಹೋಗಿ, ಬೆಲ್ಲ ಕೊಟ್ಟರೆ ತಿನ್ನಿ.